ಅಡಿಕೆ ತೋಟದ ಮನೆಯಿಂದ ಹೋಗಿ ಇಂಟರ್‌ನ್ಯಾಷನಲ್ ಬಿಸಿನೆಸ್ ಓದಲು ಆಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆದದ್ದು ಹೀಗೆ. ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಈಗ ಬಿಕಾಂ ಕೊನೆಯ ವರ್ಷ. ಏಜೆಂಟರೊಬ್ಬರು ಬ್ರಿಟನ್ನಿನ ಒಂದು ವರ್ಷದ ಎಂಎಸ್ಸಿ ಇಂಟರ್‌ನ್ಯಾಷನಲ್ ಬಿಸಿನೆಸ್ ಅಂಡ್ ಫೈನಾನ್ಸ್ ಬಗ್ಗೆ ಹೇಳಿದ್ದಾರೆ. ತೋಟದ ಮೇಲೆ ಸಾಲ ಮಾಡಿಯಾದರೂ ಕಳಿಸುತ್ತೇನೆ ಅಂತ ಅಪ್ಪ ಅಂದಿದ್ದಾರೆ. ಹೋಗಲಾ, ಇಲ್ಲೇ ಓದಲಾ, ನಮ್ಮಂಥವರಿಗೆ ಇದು ಆಗುತ್ತದಾ ಅಂತ ಕೇಳಿದ್ದೀರಿ.

ಆಗುತ್ತದೆ. ನಾನು ಪೆರ್ಲದ ಕಡೆಯವನು, ಕನ್ನಡ ಮಾಧ್ಯಮದವನೇ. ಮಂಗಳೂರಿನಲ್ಲಿ ಎಂಬಿಎ ಓದಿದೆ, ಐದು ವರ್ಷ ಗೇರುಬೀಜದ ರಫ್ತು ಆಫೀಸಿನಲ್ಲಿ ಕೆಲಸ ಮಾಡಿದೆ, ಈಗ ಕೊಚ್ಚಿಯ ಒಂದು ಬ್ಯಾಂಕಿನ ಟ್ರೇಡ್ ಫೈನಾನ್ಸ್ (ಆಮದು ರಫ್ತಿನ ಹಣಕಾಸು) ವಿಭಾಗದಲ್ಲಿದ್ದೇನೆ. ಆದರೆ ಎಲ್ಲಿ ಓದಬೇಕು ಅನ್ನುವುದು ಎರಡನೇ ಪ್ರಶ್ನೆ. ಮೊದಲು ಈ ವಿಷಯ ಏನು ಅಂತ ನೋಡಿ, ಅದು ನಿಮಗೆ ಹಿಡಿಸುತ್ತದಾ ಅಂತ ತಿಳಿದುಕೊಳ್ಳಿ. ಯಾಕಂದರೆ ಕೋರ್ಸಿನ ಹೆಸರು ಕೇಳಿ ಸೇರಿದವರಲ್ಲಿ ಅರ್ಧ ಜನ ಒಂದು ಸೆಮಿಸ್ಟರ್ ಆಗುವಾಗ ಇದು ನಾನು ಅಂದುಕೊಂಡದ್ದಲ್ಲ ಅಂತ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನನ್ನ ಪ್ರಕಾರ ಈ ವಿಷಯದ ತಿರುಳು ಇಷ್ಟೇ: ಮಾಲು ಒಂದು ದೇಶದಲ್ಲಿದೆ, ಹಣ ಇನ್ನೊಂದು ದೇಶದಲ್ಲಿದೆ, ಕೊಡುವವನು ತೆಗೆದುಕೊಳ್ಳುವವನ ಮುಖ ನೋಡಿಲ್ಲ. ಹಾಗಿರುವಾಗ ಯಾವ ಗಳಿಗೆಯವರೆಗೆ ನಷ್ಟದ ಹೊಣೆ ಯಾರದ್ದು, ಮತ್ತು ಆ ನಷ್ಟ ಯಾವ ದೇಶದ ಹಣದಲ್ಲಿ? ಬಾಕಿ ಎಲ್ಲ ಇದರ ಸುತ್ತಲೇ.

ಇದು ನಮಗೆ ಹೊಸತಲ್ಲ, ಅದೇ ನಾನು ಮುಖ್ಯವಾಗಿ ಹೇಳಬೇಕಾದದ್ದು. ಗಲ್ಫಿನಲ್ಲಿ ಯಾರೂ ಇಲ್ಲದ ಕುಟುಂಬ ನಮ್ಮ ಕಡೆ ಕಡಿಮೆ, ಅಲ್ವಾ? ರೂಪಾಯಿ ಬಿದ್ದ ದಿನ ದುಬೈಯಿಂದ ಬರುವ ಹಣ ಜಾಸ್ತಿ ಆಗುತ್ತದೆ ಅಂತ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಯಾಕೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಯುಎಇಯ ದಿರಹಂ 1997ರಿಂದ ಡಾಲರಿಗೆ ಕಟ್ಟಿಕೊಂಡಿದೆ, ಒಂದು ಡಾಲರಿಗೆ 3.6725 ದಿರಹಂ. ಸೌದಿಯ ರಿಯಾಲ್ ಕೂಡ ಹಾಗೆಯೇ, ಡಾಲರಿಗೆ 3.75. ಡಾಲರ್ 90 ರೂಪಾಯಿ ಅಂತ ಇಟ್ಟುಕೊಳ್ಳಿ, ಆಗ ದಿರಹಂ ಸುಮಾರು 24 ರೂಪಾಯಿ 50 ಪೈಸೆ. ನಮ್ಮ ಮಾವ ದಿರಹಂ ಕಳಿಸಿದರೂ ನಾವು ನಿಜವಾಗಿ ನೋಡಬೇಕಾದದ್ದು ಡಾಲರನ್ನು. ಕುವೈತಿನದ್ದು ಬೇರೆ, ಅದರ ದಿನಾರ್ 2007ರಿಂದ ಹಲವು ಕರೆನ್ಸಿಗಳ ಒಂದು ಗುಂಪಿಗೆ ಹೊಂದಿಕೊಂಡಿದೆ. ಅದಕ್ಕೇ ಕುವೈತಿನ ಭಾವನ ಹಣವೂ ದುಬೈಯ ಮಾವನ ಹಣವೂ ಒಂದೇ ಲೆಕ್ಕದಲ್ಲಿ ಏರಿಳಿಯುವುದಿಲ್ಲ. ಕ್ಲಾಸಿನಲ್ಲಿ ಎಕ್ಸ್‌ಚೇಂಜ್ ರೇಟ್ ರೆಜೀಮ್ ಅಂತ ಒಂದು ಪಾಠ ಬರುತ್ತದೆ. ನೀವು ಅದನ್ನು ಮನೆಯಲ್ಲೇ ಅರ್ಧ ಕಲಿತಿದ್ದೀರಿ.

ಅಡಿಕೆ ಇನ್ನೂ ದೊಡ್ಡ ಪಾಠ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅಪ್ಪನಿಗೆ ಗೊತ್ತೇ ಇರುತ್ತದೆ, ಕೇಳಿ ನೋಡಿ. ಆ 351 ಅನ್ನುವುದು ಸಿಐಎಫ್ ಬೆಲೆ, ಅಂದರೆ ಮಾಲಿನ ಬೆಲೆಗೆ ಇನ್ಶೂರೆನ್ಸ್ ಮತ್ತು ಹಡಗಿನ ಬಾಡಿಗೆ ಸೇರಿಸಿ ನಮ್ಮ ಬಂದರಿಗೆ ಬರುವಾಗ ಆಗುವ ಬೆಲೆ. ಅದಕ್ಕಿಂತ ಕಡಿಮೆಗೆ ತರಿಸುವ ಹಾಗಿಲ್ಲ. ಹಾಗಾದರೆ ಹೊರಗಿನ ಅಡಿಕೆ ಬರುತ್ತಿದೆ ಅಂತ ನಮ್ಮವರು ಈಗಲೂ ಗೋಳಾಡುವುದು ಯಾಕೆ? ಇಲ್ಲಿಂದ ಶುರುವಾಗುತ್ತದೆ ನಿಜವಾದ ಓದು. ಒಂದು ದಾರಿ, ಬೇರೆ ಹೆಸರಿನಲ್ಲಿ ಮಾಲು ತರಿಸುವುದು. ಪ್ರತಿ ವಸ್ತುವಿಗೂ ಒಂದು ಎಚ್‌ಎಸ್ ಕೋಡ್ ಇರುತ್ತದೆ, ಅಡಿಕೆಯದ್ದು 080280ರಿಂದ ಶುರು, ಅದನ್ನು ತಪ್ಪು ಬರೆದರೆ ಸುಂಕವೇ ಬದಲಾಗುತ್ತದೆ. ಇನ್ನೊಂದು ದಾರಿ, ಯಾವುದೋ ದೇಶದಲ್ಲಿ ಬೆಳೆದದ್ದನ್ನು ಸುಂಕ ಕಡಿಮೆ ಮಾಡುವ ವ್ಯಾಪಾರ ಒಪ್ಪಂದ ನಮ್ಮ ಜೊತೆ ಇರುವ ನೆರೆಯ ದೇಶದ ಬೆಳೆ ಅಂತ ತೋರಿಸುವುದು. ಹೀಗೆ ಆಗಬಾರದು ಅಂತಲೇ 2020ರಲ್ಲಿ ಹೊಸ ನಿಯಮ ಬಂತು. ಮಾಲು ಯಾವ ದೇಶದ್ದು ಅಂತ ಹೇಳುವ ಸರ್ಟಿಫಿಕೇಟ್ ಆಫ್ ಒರಿಜಿನ್ ಒಂದೇ ಸಾಲದು, ಮಾಲು ನಿಜಕ್ಕೂ ಅಲ್ಲಿಯದ್ದೇ ಅನ್ನುವ ವಿವರವನ್ನು ತರಿಸುವವನೇ ಇಟ್ಟುಕೊಂಡಿರಬೇಕು. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಕನಿಷ್ಠ ಬೆಲೆ ಇಲ್ಲದೆ ತರಿಸಲು ಬಿಟ್ಟಾಗ ನಮ್ಮವರು ಸಿಟ್ಟಾದರು. ಅದು ಬರೀ ಭಾವನೆಯ ಸಿಟ್ಟಲ್ಲ, ಅದರ ಹಿಂದೆ ಲೆಕ್ಕ ಇದೆ. ಆ ಲೆಕ್ಕ ಮಾಡಲು ಬರುವ ಹುಡುಗ ಹುಡುಗಿಯರು ನಮ್ಮ ಊರಿನಿಂದಲೇ ಬರಬೇಕು ಅಂತ ನನಗೆ ತುಂಬಾ ಆಸೆ ಇದೆ.

ಥಿಯರಿ ಬೋರು ಅಂತ ಬಿಡಬೇಡಿ. ರಿಕಾರ್ಡೊ 1817ರಲ್ಲಿ ಹೇಳಿದ ಬಟ್ಟೆ ಮತ್ತು ವೈನಿನ ಉದಾಹರಣೆ ಮೊದಲ ವಾರವೇ ಬರುತ್ತದೆ. ಪೋರ್ಚುಗಲ್ ಎರಡನ್ನೂ ಇಂಗ್ಲೆಂಡಿಗಿಂತ ಕಡಿಮೆ ಶ್ರಮದಲ್ಲಿ ಮಾಡಬಲ್ಲದು, ಆದರೂ ವೈನ್ ಮಾತ್ರ ಮಾಡಿ ಬಟ್ಟೆಯನ್ನು ಇಂಗ್ಲೆಂಡಿನಿಂದ ತರಿಸುವುದೇ ಅದಕ್ಕೆ ಲಾಭ. ನನಗೆ ತಲೆಗೆ ಹೋಗಲಿಲ್ಲ. ಊರಿಗೆ ಬಂದಾಗ ನಮ್ಮ ತೋಟಕ್ಕೆ ಕೊನೆ (ಅಡಿಕೆ ಗೊನೆ) ತೆಗೆಯಲು ಬರುವವರನ್ನು ನೋಡಿ ಅರ್ಥವಾಯಿತು. ಅವರು ಅಡಿಕೆ ಸುಲಿಯುವುದರಲ್ಲೂ ಎಲ್ಲರಿಗಿಂತ ಚುರುಕು. ಆದರೂ ಯಾರೂ ಅವರನ್ನು ಸುಲಿಯಲು ಕೂರಿಸುವುದಿಲ್ಲ. ಅವರು ಮರದಿಂದ ಇಳಿದು ಒಂದು ದಿನ ಸುಲಿದರೆ ಆ ದಿನದ ಕೊನೆಗಳೆಲ್ಲ ಮರದಲ್ಲೇ ಉಳಿಯುತ್ತವೆ. ರಿಕಾರ್ಡೊ ಹೇಳಿದ್ದೂ ಇದನ್ನೇ.

ಇನ್ನು ನನ್ನ ಒಂದು ತಪ್ಪು ಹೇಳುತ್ತೇನೆ, ಯಾಕಂದರೆ ಎರಡು ವರ್ಷ ಓದಿದರೂ ತಿಳಿಯದ್ದನ್ನು ಅದು ಒಂದು ವಾರದಲ್ಲಿ ಕಲಿಸಿತು. ಕೆಲಸಕ್ಕೆ ಸೇರಿದ ಹೊಸತು. ಒಂದು ಕಂಟೇನರ್ ಡಬ್ಲ್ಯು 320 ಗೇರು ತಿರುಳು ಹೋಗಬೇಕಿತ್ತು (320 ಅಂದರೆ ಒಂದು ಪೌಂಡ್ ತೂಕಕ್ಕೆ 300ರಿಂದ 320 ಬೀಜ, ನಂಬರ್ ಕಡಿಮೆ ಆದಷ್ಟೂ ಬೀಜ ದೊಡ್ಡದು). ಖರೀದಿದಾರರು ಲೆಟರ್ ಆಫ್ ಕ್ರೆಡಿಟ್ ತೆರೆದಿದ್ದರು, ಅಂದರೆ ಹೇಳಿದ ಕಾಗದ ಸರಿಯಾಗಿ ಕೊಟ್ಟರೆ ಹಣ ಕೊಡುತ್ತೇವೆ ಅಂತ ಅವರ ಬ್ಯಾಂಕು ಬರೆದುಕೊಡುವ ಭರವಸೆ. ಅದರಲ್ಲಿ ಮಾಲು ಹಡಗಿಗೆ ಏರಬೇಕಾದ ಕೊನೆಯ ದಿನ ಬರೆದಿತ್ತು. ನಮ್ಮ ಕಂಟೇನರ್ ಅದಕ್ಕೆ ನಾಲ್ಕು ದಿನ ಮೊದಲೇ ಬಂದರಿನ ಒಳಗೆ ಹೋಗಿತ್ತು, ನಾನು ನಿಶ್ಚಿಂತೆಯಿಂದ ಇದ್ದೆ. ಹಡಗು ತಡವಾಯಿತು. ಬಿಲ್ ಆಫ್ ಲೇಡಿಂಗ್ (ಮಾಲಿಗೆ ಹಡಗಿನ ಕಂಪನಿ ಕೊಡುವ ರಶೀದಿ) ಕೈಗೆ ಬಂದಾಗ ಹಡಗಿಗೆ ಏರಿದ ದಿನಾಂಕ ಒಂದೇ ಒಂದು ದಿನ ದಾಟಿತ್ತು. ಅಷ್ಟು ಸಾಕಾಯಿತು. ಆ ಸಮಯದಲ್ಲಿ ಬೆಲೆ ಬೇರೆ ಇಳಿದಿತ್ತು. ಅವರ ಬ್ಯಾಂಕು ಕಾಗದ ಸರಿ ಇಲ್ಲ ಅಂತ ಹಣ ತಡೆಹಿಡಿಯಿತು, ಖರೀದಿದಾರರು ಬೆಲೆ ಕಡಿಮೆ ಮಾಡಿದರೆ ಒಪ್ಪುತ್ತೇವೆ ಅಂದರು, ಮಾಲು ಸಮುದ್ರದ ಮಧ್ಯೆ ಇರುವಾಗ ನಾವು ಏನು ಮಾಡುವುದು ಹೇಳಿ, ಒಪ್ಪಲೇಬೇಕಾಯಿತು. ಬ್ಯಾಂಕಿನದ್ದು ತಪ್ಪಲ್ಲ. ಯುಸಿಪಿ 600 ಅಂತ ಒಂದು ನಿಯಮಾವಳಿ 2007ರ ಜುಲೈಯಿಂದ ಜಗತ್ತಿನ ಬ್ಯಾಂಕುಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಸ್ಪಷ್ಟ ಬರೆದಿದೆ, ಬ್ಯಾಂಕು ನೋಡುವುದು ಕಾಗದವನ್ನು, ಮಾಲನ್ನಲ್ಲ. ಎರಡು ದಿನ ಮೊದಲೇ ನಾನು ತಿದ್ದುಪಡಿ ಕೇಳಿದ್ದರೆ ಮುಗಿಯುತ್ತಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾನು ಉತ್ತರ ಬರೆದಿದ್ದೆ, ಒಳ್ಳೆಯ ಅಂಕವೂ ಬಂದಿತ್ತು.

ಹಾಗಾಗಿ ನನ್ನ ಗಟ್ಟಿ ಸಲಹೆ: ಕೊನೆಯ ಪರೀಕ್ಷೆ ಮುಗಿದ ತಕ್ಷಣ ಎರಡು ತಿಂಗಳು ಮಂಗಳೂರಿನಲ್ಲಿ ಯಾವುದಾದರೂ ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲೋ ಗೇರುಬೀಜ ಕಾರ್ಖಾನೆಯ ಡಾಕ್ಯುಮೆಂಟೇಶನ್ ಮೇಜಿನಲ್ಲೋ ಕೂರಿ. ಸಂಬಳ ಕೇಳಬೇಡಿ, ಬಸ್ಸಿನ ಖರ್ಚು ಸಿಕ್ಕಿದರೂ ಸಾಕು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ ಕೈಯಲ್ಲಿ ಹಿಡಿದು ನೋಡಿ. ಆಫ್ರಿಕಾದಿಂದ ಕಚ್ಚಾ ಗೇರುಬೀಜ ಬರುತ್ತದೆ, ಡಾಲರಿನಲ್ಲಿ ಕೊಡಬೇಕು, 90 ದಿನ ಬಿಟ್ಟು. ಒಂದು ಲಕ್ಷ ಡಾಲರಿನ ಮಾಲಿಗೆ ಆ 90 ದಿನದಲ್ಲಿ ಡಾಲರ್ ಒಂದು ರೂಪಾಯಿ ಏರಿದರೆ ಒಂದು ಲಕ್ಷ ರೂಪಾಯಿ ಹೋಯಿತು. ಇವತ್ತೇ ಬ್ಯಾಂಕಿನ ಜೊತೆ ಫಾರ್ವರ್ಡ್ ಮಾಡಿಕೊಂಡು ರೇಟು ಕಟ್ಟಿಹಾಕಬಹುದು, ಆದರೆ ನಮ್ಮಲ್ಲಿ ಬಡ್ಡಿ ಅಮೆರಿಕಕ್ಕಿಂತ ಜಾಸ್ತಿ ಇರುವಾಗ ಫಾರ್ವರ್ಡ್ ಡಾಲರ್ ಇವತ್ತಿನ ಡಾಲರಿಗಿಂತ ದುಬಾರಿ. ಮಾಡುವುದಾ ಬಿಡುವುದಾ ಅಂತ ಧಣಿಗಳು ತಲೆ ಕೆರೆದುಕೊಳ್ಳುವುದನ್ನು ಪಕ್ಕದಲ್ಲಿ ಕೂತು ನೋಡಿದರೆ ಫೈನಾನ್ಸ್ ನಿಮಗೆ ಬೇಕಾ ಬೇಡವಾ ಅಂತ ಅಲ್ಲೇ ಗೊತ್ತಾಗುತ್ತದೆ.

ಓದುವುದಕ್ಕೆ ನಮ್ಮ ಹತ್ತಿರವೇ ಜಾಗ ಇದೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕಾಮರ್ಸ್ ಅಂಡ್ ಇಂಟರ್‌ನ್ಯಾಷನಲ್ ಬಿಸಿನೆಸ್ ವಿಭಾಗ ಇದೆ, ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ್ದು ಇದೆ. ದೊಡ್ಡ ಗುರಿ ಇದ್ದರೆ ಐಐಎಫ್‌ಟಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಫಾರಿನ್ ಟ್ರೇಡ್), 1963ರಲ್ಲಿ ಈ ವಿಷಯಕ್ಕೆಂದೇ ಶುರುವಾದದ್ದು, ಈಗ ದೆಹಲಿ, ಕೋಲ್ಕತ್ತ, ಕಾಕಿನಾಡದಲ್ಲಿದೆ, ಸೀಟು ಸಿಗುವುದು ಕಷ್ಟ, ಆದರೂ ಒಮ್ಮೆ ಪ್ರಯತ್ನ ಮಾಡಿಯೇ ಬಿಡಿ.

ಬ್ರಿಟನ್ ಬೇಡ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ವಿಶ್ವವಿದ್ಯಾಲಯ ಆದರೆ ಒಳ್ಳೆಯದೇ. ಆದರೆ ಏಜೆಂಟರು ಹೇಳದೆ ಬಿಡುವ ಕೆಲವು ಸಂಗತಿ ಕೇಳಿ. ಓದಿದ ಮೇಲೆ ಅಲ್ಲಿ ಉಳಿದು ಕೆಲಸ ಹುಡುಕಲು ಎರಡು ವರ್ಷ ಇದ್ದದ್ದು 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಒಂದು ವರ್ಷದ ಕೋರ್ಸಿನಲ್ಲಿ ಇಂಗ್ಲಿಷಿಗೆ ಹೊಂದಿಕೊಳ್ಳುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಮತ್ತೆ ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಅಡವು ಬೇಡ, ಅದಕ್ಕಿಂತ ಮೇಲೆ ಕೇಳುತ್ತಾರೆ. ಅಪ್ಪ ತೋಟ ಇಡುತ್ತೇನೆ ಅನ್ನುತ್ತಾರೆ, ಆದರೆ ಕೃಷಿ ಭೂಮಿಯನ್ನು ಸರ್ಫೇಸಿ ಕಾಯ್ದೆಯಲ್ಲಿ (ಕೋರ್ಟಿಗೆ ಹೋಗದೆ ಬ್ಯಾಂಕೇ ಅಡವನ್ನು ವಶ ಮಾಡಿಕೊಳ್ಳುವ ಕಾಯ್ದೆ) ಜಪ್ತಿ ಮಾಡಲು ಬರುವುದಿಲ್ಲ, ಅದಕ್ಕೇ ಎಷ್ಟೋ ಬ್ಯಾಂಕುಗಳು ತೋಟದ ಕಾಗದ ಬೇಡ, ಮನೆ ಇರುವ ಜಾಗ ಕೊಡಿ ಅನ್ನುತ್ತವೆ. ಮನೆ, ಮಾರಾಯ್ರೆ. ಇದನ್ನು ಯೋಚನೆ ಮಾಡದೆ ಸಹಿ ಹಾಕಿಸಬೇಡಿ. ಇಲ್ಲೇ ಎರಡು ವರ್ಷ ಓದಿ, ಮೂರು ವರ್ಷ ಕೆಲಸ ಮಾಡಿ, ಆಮೇಲೆ ನಿಮ್ಮ ದುಡ್ಡಿನಲ್ಲಿ ಹೋದರೆ ಕ್ಲಾಸಿನಲ್ಲಿ ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ. ಬ್ಯಾಂಕಿನ ಕಡೆ ಹೋಗುವ ಮನಸ್ಸಿದ್ದರೆ ಸಿಡಿಸಿಎಸ್ ಅನ್ನುವ ಪರೀಕ್ಷೆ ಇದೆ, ಲೆಟರ್ ಆಫ್ ಕ್ರೆಡಿಟ್ ಕೆಲಸಕ್ಕೆ ಅದಕ್ಕೆ ಒಳ್ಳೆಯ ಬೆಲೆ ಇದೆ.

ಕನ್ನಡ ಮಾಧ್ಯಮದ ಭಯ ನನಗೂ ಇತ್ತು. ಮೊದಲ ಸೆಮಿಸ್ಟರಿನಲ್ಲಿ ಬಾಯಿ ತೆರೆಯಲಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು, ಹೊಸ ಪದ ಬಂದಾಗಲೆಲ್ಲ ಅದನ್ನು ಅಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಎರಡು ಸಾಲು ಬರೆದೆ. ಹಾಗೆ ಬರೆಯಲು ಆಗದಿದ್ದರೆ ನನಗೆ ಅದು ಅರ್ಥ ಆಗಿಲ್ಲ ಅಂತ ಲೆಕ್ಕ. ಇನ್ನೊಂದು, ನಮಗೆ ಕನ್ನಡ, ಮಲಯಾಳ, ತುಳು ಮೂರೂ ಬರುತ್ತದೆ, ಹಿಂದಿಯೂ ಸುಮಾರಾಗಿ ಬರುತ್ತದೆ. ಮಂಗಳೂರಿನ ಗೋದಾಮಿಗೂ ಕೊಚ್ಚಿಯ ಆಫೀಸಿಗೂ ದುಬೈಯ ಖರೀದಿದಾರರಿಗೂ ಒಂದೇ ದಿನ ಫೋನ್ ಮಾಡಬಲ್ಲವರು ಆಫೀಸಿನಲ್ಲಿ ಎಷ್ಟು ಜನ ಇರುತ್ತಾರೆ? ನನಗೆ ಈಗಿನ ಕೆಲಸ ಸಿಕ್ಕಿದ್ದರಲ್ಲಿ ಅದರ ಪಾಲು ದೊಡ್ಡದು.

ಈ ಭಾನುವಾರ ಒಂದು ಕೆಲಸ ಮಾಡಿ. ಅಪ್ಪನ ಎದುರು ಕೂತು ಏಜೆಂಟರು ಕೊಟ್ಟ ಫೀಸನ್ನು ಪೌಂಡಿನಲ್ಲೇ ಬರೆಯಿರಿ. 20,000 ಪೌಂಡ್ ಅಂತಾದರೆ, ನೀವು ಕಟ್ಟುವ ಹೊತ್ತಿಗೆ ಪೌಂಡ್ ಐದು ರೂಪಾಯಿ ಏರಿದರೆ ಒಂದು ಲಕ್ಷ ಜಾಸ್ತಿ. ಅದರ ಪಕ್ಕದಲ್ಲಿ ಈ ವರ್ಷ ಅಂಗಳದಲ್ಲಿ ಒಣಗಿದ ಅಡಿಕೆ ಎಷ್ಟು ಕ್ವಿಂಟಾಲ್, ಇವತ್ತಿನ ರೇಟು ಎಷ್ಟು ಅಂತ ಬರೆಯಿರಿ. ಆಮೇಲೆ ಏಜೆಂಟರಿಗೆ ಫೋನ್ ಮಾಡಬಹುದು.