ಮರಿ ಬೇಕು, ಆದರೆ ಅಣ್ಣತಮ್ಮ ಕಚ್ಚಾಡುತ್ತಿದ್ದಾರೆ

ಪ್ರಶ್ನೆ: ಮೇಡಂ, ನಮ್ಮಲ್ಲಿ ಐದು ಸಾಕು ಇಲಿಗಳಿವೆ. ಎಲ್ಲಕ್ಕೂ ಸುಮಾರು ಆರು ತಿಂಗಳು. ಒಂದು ಪಂಜರದಲ್ಲಿ ಮೂರು ಹೆಣ್ಣು. ಇನ್ನೊಂದರಲ್ಲಿ ಕರಿಯ, ಬೂದ ಎಂಬ ಅಣ್ಣತಮ್ಮ. ಹೆಣ್ಣುಗಳನ್ನು ಬೇರೆ ಕಡೆಯಿಂದ ತಂದಿದ್ದೆ. ಒಂದೇ ಒಂದು ಸಲ ಮರಿ ಮಾಡಿಸೋಣವೆಂದು ಕರಿಯನನ್ನೂ ಹೆಣ್ಣುಗಳಲ್ಲಿ ಒಂದಾದ ಗುಂಡಿಯನ್ನೂ ಬೇರೆ ಪಂಜರದಲ್ಲಿ ಹತ್ತು ದಿನ ಇಟ್ಟೆ. ಈಗ ಗುಂಡಿಯ ಹೊಟ್ಟೆ ದಪ್ಪಗಾಗುತ್ತಿದೆ. ಆದರೆ ಕರಿಯನನ್ನು ವಾಪಸ್ ಬಿಟ್ಟ ರಾತ್ರಿಯೇ ಬೂದನ ಕಿವಿ ಹರಿದು ರಕ್ತ ಬಂತು. ಹುಟ್ಟಿದಾಗಿನಿಂದ ಒಂದರ ಮೇಲೊಂದು ಮಲಗುತ್ತಿದ್ದವು, ನೋಡಿದರೆ ಅಳು ಬರುತ್ತದೆ. ಗುಂಡಿಯನ್ನು ಈಗ ಎಲ್ಲಿಡಲಿ? ಬಸುರಿಯನ್ನು ಒಂಟಿಯಾಗಿ ಇಟ್ಟರೆ ಕೊರಗುತ್ತದೆ ಅನ್ನುತ್ತಾರೆ ನಮ್ಮಮ್ಮ.
(ಒಬ್ಬ ಓದುಗಿ, ವಿಜಯನಗರ)

ಉತ್ತರ: ಗುಂಡಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೂದ.

ಅವನನ್ನು ಇವತ್ತೇ ಬೇರೆ ಮಾಡಿ. ಗಾಯವನ್ನು ಉಪ್ಪುನೀರಿನಲ್ಲಿ ಒರೆಸಿ, ಬಾವು ಬರುತ್ತಿದೆಯಾ ಎಂದು ದಿನವೂ ನೋಡಿ. ಮತ್ತೆ ಜಗಳ ಹತ್ತಿದರೆ ಬರಿಗೈ ಹಾಕಬೇಡಿ, ದಪ್ಪ ಟವೆಲ್ ಮೇಲೆ ಹಾಕಿ ಎತ್ತಿ. ಸಿಟ್ಟಿನಲ್ಲಿರುವ ಇಲಿಗೆ ನಿಮ್ಮ ಬೆರಳು ಯಾವುದು, ತಮ್ಮನ ಕಾಲು ಯಾವುದು ಎಂಬ ಎಚ್ಚರ ಇರುವುದಿಲ್ಲ.

ಕರಿಯ ಕೆಟ್ಟವನಾಗಿಲ್ಲ. ಹತ್ತು ದಿನ ಹೆಣ್ಣಿನ ಜೊತೆಗಿದ್ದ ಗಂಡಿನ ಮೈಯೆಲ್ಲ ಹೆಣ್ಣಿನ ವಾಸನೆ, ಒಳಗೆ ಗಂಡು ಹಾರ್ಮೋನಿನ ಏರಿಕೆ. ಇತ್ತ ಬೂದನಿಗೆ ಹತ್ತು ದಿನದಲ್ಲಿ ಪಂಜರ ಪೂರ್ತಿ ತನ್ನದಾಗಿದೆ. ಇಲಿಗಳು ಒಬ್ಬರನ್ನೊಬ್ಬರು ಗುರುತಿಸುವುದು ಬಹುಪಾಲು ಮೂಗಿನಿಂದ. ಆರು ತಿಂಗಳು ಅನ್ನುವುದು ಗಂಡುಗಳು ಜಾಗಕ್ಕಾಗಿ ಹಟ ಹಿಡಿಯುವ ವಯಸ್ಸು ಕೂಡ. ಎಲ್ಲವೂ ಒಂದೇ ರಾತ್ರಿ ಸೇರಿಕೊಂಡಿತು.

ಇನ್ನು ಮತ್ತೆ ಸೇರಿಸುವುದು ಹೇಗೆ? ನಾಲ್ಕೈದು ದಿನ ಇಬ್ಬರ ಹಾಸುಬಟ್ಟೆ ಅದಲುಬದಲು ಮಾಡಿ. ಆಮೇಲೆ ಇಬ್ಬರೂ ಯಾವತ್ತೂ ಕಾಲಿಡದ ಜಾಗಕ್ಕೆ ಬಿಡಿ. ನಮ್ಮ ಮನೆಯಲ್ಲಿ ಅದು ಬಚ್ಚಲುಮನೆ: ನೆಲ ಒರೆಸಿ ಒಣಗಿಸಿ, ಒಂದೇ ತಟ್ಟೆಯಲ್ಲಿ ರಾಗಿ ಗಂಜಿ ಇಟ್ಟು ನಾನೂ ಅಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಮೊದಲ ದಿನ ಕಾಲು ಗಂಟೆ ಸಾಕು. ಒಬ್ಬ ಇನ್ನೊಬ್ಬನನ್ನು ಅಂಗಾತ ಕೆಡವಿ ಹೊಟ್ಟೆ ಮೂಸಿದರೆ ಬಿಟ್ಟುಬಿಡಿ, ಅದು ಅವರ ಲೆಕ್ಕಾಚಾರ. ಮೈರೋಮ ನಿಮಿರಿ ಇಲಿ ಎರಡು ಪಟ್ಟು ದಪ್ಪ ಕಂಡು, ಬೆನ್ನು ಬಾಗಿಸಿ, ಅಡ್ಡಡ್ಡ ಸರಿಯುತ್ತಾ ಇನ್ನೊಬ್ಬನ ಮೇಲೆ ಬಂದರೆ ಮಾತ್ರ ತಕ್ಷಣ ಬಿಡಿಸಿ. ಸದ್ದು ಕೇಳಿ ತೀರ್ಮಾನಿಸಬೇಡಿ. ನಮ್ಮ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ. ಹೆದರಿದ ಇಲಿ ಕೂಗುವುದು 22ರ ಆಸುಪಾಸಿನಲ್ಲಿ, ಆಟದ ಖುಷಿಗೆ ಕೂಗುವುದು 50ರ ಹತ್ತಿರ. ಪಂಜರ ನಿಶ್ಶಬ್ದವಾಗಿದೆ ಎಂದು ನೀವು ಅಂದುಕೊಂಡಾಗಲೂ ಅಲ್ಲೊಬ್ಬ ಅಳುತ್ತಿರಬಹುದು. ರೋಮ ನೋಡಿ, ಕಣ್ಣು ನೋಡಿ. ಕಣ್ಣು, ಮೂಗಿನ ಸುತ್ತ ಕೆಂಪು ಕಟ್ಟಿದ್ದರೆ ಅದು ಸಾಮಾನ್ಯವಾಗಿ ರಕ್ತವಲ್ಲ, ಪಾರ್ಫಿರಿನ್ ಎಂಬ ಬಣ್ಣದ ಸ್ರಾವ. ಇಲಿ ನೊಂದಿದೆ ಅಥವಾ ಕಾಯಿಲೆ ಬಿದ್ದಿದೆ ಎಂಬುದರ ಗುರುತು.

ಎರಡು ಮೂರು ದಿನ ಬಚ್ಚಲಿನಲ್ಲಿ ಶಾಂತವಾಗಿದ್ದರೆ ಇಬ್ಬರನ್ನೂ ತೊಳೆದ ಚಿಕ್ಕ ಪಂಜರಕ್ಕೆ ಹಾಕಿ. ಒಳಗೆ ಗೂಡು, ತೂಗುಬಟ್ಟೆ ಏನೂ ಬೇಡ. ನನ್ನದು ಅನ್ನಲು ಏನೂ ಇಲ್ಲದಿದ್ದರೆ ಕಾದಾಡುವ ಕಾರಣ ಕಡಿಮೆ. ಒಂದೇ ಮೂಲೆಯಲ್ಲಿ ಮುದ್ದೆಯಾಗಿ ಮಲಗಲು ಶುರು ಮಾಡಿದ ಮೇಲೆ ಒಂದೊಂದೇ ವಸ್ತು ಸೇರಿಸಿ. ಮೂರು ನಾಲ್ಕು ವಾರ ಹೀಗೆ ಪ್ರಯತ್ನಿಸಿಯೂ ರಕ್ತ ಬಂದರೆ ಕರಿಯನ ಬೀಜ ತೆಗೆಸುವ ಆಪರೇಷನ್ ಮಾಡಿಸಿ. ಚಿಕ್ಕ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವ ಡಾಕ್ಟರೇ ಬೇಕು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ವಿಚಾರಿಸಿ ನೋಡಿ. ಆಪರೇಷನ್‌ಗೆ ಮುಂಚೆ ನಾಯಿಬೆಕ್ಕಿನ ಹಾಗೆ ರಾತ್ರಿಯಿಡೀ ಉಪವಾಸ ಕೆಡವಬೇಡಿ, ಇಲಿಗೆ ವಾಂತಿಯೇ ಆಗುವುದಿಲ್ಲ. ಸಿಟ್ಟು ಇಳಿಯಲು ಆಪರೇಷನ್ ಆದ ಮೇಲೂ ಕೆಲವು ವಾರ ಹಿಡಿಯುತ್ತದೆ.

ಹತ್ತು ದಿನ ಇಟ್ಟದ್ದೇ ಹೆಚ್ಚಾಯಿತು. ಹೆಣ್ಣಿಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಸಂಜೆಯಿಂದ ಸುಮಾರು ಅರ್ಧ ದಿನ ಅಷ್ಟೆ. ಸೊಂಟದ ಮೇಲೆ ಬೆರಳಾಡಿಸಿದರೆ ಬೆನ್ನು ತಗ್ಗಿಸಿ ನಿಲ್ಲುತ್ತದೆ, ಕಿವಿ ಪಟಪಟನೆ ನಡುಗುತ್ತದೆ. ಆ ಒಂದು ರಾತ್ರಿ ಜೊತೆಗಿಟ್ಟರೆ ಸಾಕಿತ್ತು. ಬೆಳಗ್ಗೆ ಗಂಡು ತಮ್ಮನ ಹತ್ತಿರ, ಹೆಣ್ಣು ಅಕ್ಕತಂಗಿಯರ ಹತ್ತಿರ. ಇಷ್ಟು ಚಿಕ್ಕ ಅಗಲಿಕೆಯನ್ನು ಪಂಜರ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ.

ಈಗ ಗುಂಡಿ. ವಯಸ್ಸು ಸರಿಯಾಗಿದೆ. ಒಂದು ವರ್ಷ ದಾಟಿದ ಮೇಲೆ ಮೊದಲ ಬಸಿರಾಗಿದ್ದರೆ ನಾನು ಹೆದರುತ್ತಿದ್ದೆ. ಇಲಿಯ ಗಬ್ಬ 21ರಿಂದ 23 ದಿನ. ಜೊತೆಗಿಟ್ಟ ಮೊದಲ ದಿನದಿಂದಲೇ ಎಣಿಸಿ. ಹದಿನೆಂಟನೆಯ ದಿನದವರೆಗೆ ಅವಳು ತಂಗಿಯರ ಜೊತೆಗೇ ಇರಲಿ, ಕೊರಗು ಬೇಡ ಎಂಬ ನಿಮ್ಮಮ್ಮನ ಮಾತು ಅಲ್ಲಿಯವರೆಗೆ ಸರಿ. ಆಮೇಲೆ ಬೇರೆ ಮಾಡಲೇಬೇಕು.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆಂದರೆ, ನಾನು ಒಮ್ಮೆ ಮಾಡಲಿಲ್ಲ. ನನ್ನ ಸಾಸಿವೆ ಒಂಬತ್ತು ಮರಿ ಹಾಕಿದಾಗ ಅವಳ ತಂಗಿ ಅವಲಕ್ಕಿಯೂ ಅದೇ ಪಂಜರದಲ್ಲಿದ್ದಳು. ಅವಳಿಗೂ ಮರಿಗಳ ಮೇಲೆ ಪ್ರೀತಿ. ಬಾಯಲ್ಲಿ ಕಚ್ಚಿ ತನ್ನ ಮೂಲೆಗೆ ಒಯ್ಯುವಳು, ಸಾಸಿವೆ ಎಳೆದು ತರುವಳು. ರಾತ್ರಿಯಿಡೀ ಅದೇ ಆಯಿತು. ಅವಲಕ್ಕಿಗೆ ಹಾಲಿರಲಿಲ್ಲ. ಬೆಳಗ್ಗೆ ಮೂರು ಮರಿ ತಣ್ಣಗಾಗಿದ್ದವು. ಒಟ್ಟಿಗೆ ಹೆತ್ತ ಎರಡು ತಾಯಂದಿರು ಒಂದೇ ಗೂಡಿನಲ್ಲಿ ಎಲ್ಲರಿಗೂ ಹಾಲೂಡಿಸುವುದುಂಟು. ನನ್ನ ಮನೆಯಲ್ಲಿ ಆದದ್ದು ಅದಲ್ಲ.

ಬಾಣಂತಿ ಪಂಜರ ಒಂದೇ ಅಂತಸ್ತಿನದಾಗಿರಲಿ, ಕಂಬಿಗಳ ನಡುವೆ ಮರಿ ನುಸುಳುವಷ್ಟು ಸಂದು ಇರಬಾರದು. ಹಳೆಯ ಹತ್ತಿ ಸೀರೆಯ ತುಂಡು, ಹರಿದ ಟಿಶ್ಯೂ ಕೊಡಿ. ದೇವದಾರು, ಪೈನ್ ಮರದ ಹೊಟ್ಟು ಬೇಡ, ಶ್ವಾಸಕ್ಕೆ ಕೆಟ್ಟದ್ದು. ತಂಗಿಯರ ಪಂಜರವನ್ನು ಒಂದು ಗೇಣು ದೂರದಲ್ಲಿಡಿ, ವಾಸನೆ ಸಿಗಲಿ, ಮೂಗು ತಾಗದಿರಲಿ. ಮೊದಲ ವಾರ ಕಳೆದ ಮೇಲೆ ಸಂಜೆ ಹದಿನೈದು ನಿಮಿಷ ಗುಂಡಿಯನ್ನು ಹೊರಗೆ ಕರೆದು ತಂಗಿಯರ ಜೊತೆ ಆಡಲು ಬಿಡಿ. ಬಾಣಂತಿಗೂ ತವರಿನವರ ಮುಖ ಬೇಕು. ಆ ಹೊತ್ತಿನಲ್ಲಿ ಕೈ ತೊಳೆದು ಮರಿಗಳನ್ನು ಎಣಿಸಿ, ಹೊಟ್ಟೆ ತುಂಬಿದೆಯಾ ನೋಡಿ. ಕರಿಯ ಮಾತ್ರ ಹತ್ತಿರ ಸುಳಿಯಬಾರದು. ಹೆತ್ತ 24 ಗಂಟೆಯೊಳಗೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ.

ಮರಿಗಳು ಕಣ್ಣು ಬಿಡುವುದು ಸುಮಾರು ಹದಿನಾಲ್ಕನೆಯ ದಿನ. ಐದು ವಾರಕ್ಕೆ ಗಂಡುಮರಿಗಳನ್ನು ತಾಯಿಯಿಂದ ಬೇರೆ ಮಾಡಿ. ಒಂದು ವಾರ ತಡವಾದರೆ ಅಕ್ಕತಂಗಿಯರೂ ತಾಯಿಯೂ ಬಸುರಾಗಬಹುದು. ಕರಿಯ, ಬೂದ ಅಷ್ಟರಲ್ಲಿ ಒಂದಾಗಿದ್ದರೆ ಒಂದೆರಡು ಗಂಡುಮರಿಗಳು ಅವರ ಜೊತೆ ಸೇರಬಹುದು, ದೊಡ್ಡ ಗಂಡುಗಳು ಎಳೆಯರನ್ನು ಬೇಗ ಒಪ್ಪುತ್ತವೆ. ಉಳಿದವಕ್ಕೆ ಈಗಲೇ ಮನೆ ಹುಡುಕಿ. ಗುಂಡಿಗೆ ಹನ್ನೆರಡು ಮೊಲೆಗಳಿವೆ, ಅಷ್ಟೇ ಮರಿ ಬಂದರೂ ಆಶ್ಚರ್ಯವಿಲ್ಲ. ಕೊಡುವಾಗ ಜೋಡಿಯಾಗಿ ಕೊಡಿ. ಬಾಡಿಗೆ ಮನೆಯವರಾದರೆ ಓನರ್ ಒಪ್ಪಿದ್ದಾರಾ ಎಂದು ಸಂಕೋಚವಿಲ್ಲದೆ ಕೇಳಿ. ಅಂಗಡಿಗೆ ಮಾತ್ರ ಕೊಡಬೇಡಿ, ಹಾವು ಸಾಕುವವರ ಕೈಗೆ ಹೋದರೂ ನಿಮಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಎರಡೂ ಹೆಣ್ಣೆಂದು ಅಂಗಡಿಯವರು ಕೊಟ್ಟ ಜೋಡಿ ಮೊನ್ನೆ ಮರಿ ಹಾಕಿದೆ. ಗಂಡು ಇನ್ನೂ ಅಲ್ಲೇ ಇದೆ, ಮರಿಗಳಿಗೆ ಏನೂ ಮಾಡುತ್ತಿಲ್ಲ. ಇರಲಿ ಬಿಡಲೇ?
(ಓದುಗ, ಯಲಹಂಕ)

ಉತ್ತರ: ಬೇಡ, ಈಗಲೇ ತೆಗೆಯಿರಿ. ಅವನು ಒಳ್ಳೆಯ ತಂದೆಯೇ ಇರಬಹುದು, ತೊಂದರೆ ತಾಯಿಗೆ. ಅವಳು ಆಗಲೇ ಮತ್ತೆ ಗಬ್ಬವಾಗಿರುವ ಸಾಧ್ಯತೆ ಹೆಚ್ಚು. ಹಾಲೂಡಿಸುವಾಗ ಭ್ರೂಣಗಳು ಗರ್ಭಕೋಶಕ್ಕೆ ಅಂಟಿಕೊಳ್ಳುವುದೇ ತಡವಾಗುವುದರಿಂದ 23 ದಿನ ದಾಟಿದರೂ ಕಾಯಿರಿ. ಅವಳಿಗೆ ಬೇಯಿಸಿದ ಮೊಟ್ಟೆ, ಬೆಂದ ಕಾಳು ಹೆಚ್ಚಿಗೆ ಕೊಡಿ, ನೀರು ಎಂದೂ ತೀರದಿರಲಿ. ಗಂಡು ಒಂಟಿಯಾಗಿ ಕೊರಗದಂತೆ ಬೀಜ ತೆಗೆಸಿ, ಪೂರ್ತಿ ನಾಲ್ಕು ವಾರ ಕಾದು ಅವಳ ಜೊತೆಗೇ ಸೇರಿಸಿ. ಅದಕ್ಕೆ ಮುಂಚೆ ಸೇರಿಸಿದರೆ ಒಳಗೆ ಉಳಿದ ವೀರ್ಯದಿಂದ ಇನ್ನೊಂದು ಸೂಲು ಆದೀತು. ಮುಂದೆ ಇಲಿ ತರುವಾಗ ಬಾಲದ ಬುಡ ನೀವೇ ನೋಡಿ: ನಾಲ್ಕೈದು ವಾರದ ಗಂಡಿಗೆ ಬೀಜದ ಚೀಲ ಕಣ್ಣಿಗೆ ಹೊಡೆಯುವಂತಿರುತ್ತದೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮರಿ ಮಾಡಿಸಬಹುದೇ? ನಮ್ಮದು ಶೀಟಿನ ಮನೆ.
(ಓದುಗಿ, ಲಗ್ಗೆರೆ)

ಉತ್ತರ: ಮಳೆ ಹಿಡಿಯುವವರೆಗೆ ಕಾಯಿರಿ. ಇಲಿ ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಕಾವನ್ನು ಬಹಳಷ್ಟು ಬಾಲದಿಂದಲೇ ಕಳೆಯುತ್ತದೆ. 30 ಡಿಗ್ರಿ ದಾಟಿದರೆ ತುಂಬಿದ ಬಸುರಿಗೆ ಕಷ್ಟ. ದೀಪಾವಳಿಯ ವಾರಕ್ಕೂ ಹೆರಿಗೆ ಬಾರದಂತೆ ಲೆಕ್ಕ ಹಾಕಿ, ಪಟಾಕಿಗೆ ಬೆದರಿದ ತಾಯಿ ಮರಿಗಳನ್ನೇ ತಿಂದುಬಿಡಬಹುದು. ಈಗಾಗಲೇ ಬಸುರಾಗಿದ್ದರೆ ಪಾಟರಿ ಟೌನ್‌ನಿಂದ ಅಗಲ ಬಾಯಿಯ ಮಣ್ಣಿನ ಮಡಕೆ ತಂದು ಅಡ್ಡ ಮಲಗಿಸಿ, ಹೊರಮೈಗೆ ಒದ್ದೆ ಬಟ್ಟೆ ಸುತ್ತಿ. ಒಳಗಿನ ಹಾಸು ಒಣಗಿರಲಿ. ಪಂಜರವನ್ನು ಶೀಟಿನಿಂದ ದೂರ, ನೆಲದ ಮಟ್ಟದಲ್ಲಿಡಿ. ಆದರೆ ರಾತ್ರಿ ಮೋರಿಯ ಬಾಯಿ ಜಾಲರಿಯಿಂದ ಮುಚ್ಚಿ, ಬೀದಿಯ ಹೆಗ್ಗಣ ಒಳಬಂದರೆ ಇಲಿ ಜ್ವರ ನಿಮಗೂ ಬರಬಹುದು, ಅವಕ್ಕೂ.