ಹಾವೇರಿಯ ನಮ್ಮ ಹೋಳಿಗೆ ಅಂಗಡಿಯ ಪ್ರಚಾರಕ್ಕೆ ಇನ್‌ಸ್ಟಾಗ್ರಾಂ ಒಳ್ಳೆಯದೋ, ಫೇಸ್‌ಬುಕ್ ಒಳ್ಳೆಯದೋ?

ಆರು ತಿಂಗಳ ಅಂಗಡಿ, ನಾನೂರು ಫಾಲೋವರ್ಸ್, ತಿಂಗಳಿಗೆ ₹10,000 ಕೊಟ್ಟರೆ ವರ್ಷದೊಳಗೆ ಅದನ್ನು ಹತ್ತು ಸಾವಿರ ಮಾಡಿಕೊಡುತ್ತೇವೆಂದು ಬಂದಿರುವ ಪ್ರಚಾರದವರು. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ 2022ರಲ್ಲಿ ನಾನು ಕುಳಿತಿದ್ದ ಗಲ್ಲೆಯೇ ಕಣ್ಣ ಮುಂದೆ ಬಂತು. ಆಗ ನನ್ನ ತಲೆಯಲ್ಲಿದ್ದದ್ದೂ ಇದೇ ಪ್ರಶ್ನೆ, ಮತ್ತು ಅದರ ಬೆನ್ನು ಹತ್ತಿ ನಾನು ಒಂದು ಇಡೀ ಎಳ್ಳಮಾವಾಸ್ಯೆಯ ವ್ಯಾಪಾರವನ್ನು ಕಳೆದುಕೊಂಡೆ.

ಧಾರವಾಡದ ಸಪ್ತಾಪುರದ ಒಂದು ಅಡ್ಡರಸ್ತೆಯಲ್ಲಿ ನನ್ನದು ರೊಟ್ಟಿ ಕೇಂದ್ರ. 2021ರಲ್ಲಿ, ಎರಡನೆಯ ಲಾಕ್‌ಡೌನ್ ತೆರವಾದ ಮೇಲೆ, ಅವ್ವನೊಂದಿಗೆ ಸೇರಿ ಆರಂಭಿಸಿದೆ. ಬಿಳಿಜೋಳದ ಬಿಸಿ ರೊಟ್ಟಿ, ಕಡಕ್ ರೊಟ್ಟಿ, ಶೇಂಗಾ, ಗುರೆಳ್ಳು ಮತ್ತು ಅಗಸಿ ಚಟ್ನಿಪುಡಿ, ರವಿವಾರ ಎಣ್ಣೆಗಾಯಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಇಷ್ಟೇ ನಮ್ಮ ಸರಕು. ನಾಲ್ವರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ, ಅವರ ಕೂಲಿ ರೊಟ್ಟಿಯ ಲೆಕ್ಕದಲ್ಲಿ. ಗಿರಾಕಿಗಳೆಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರು ಮತ್ತು ಸಪ್ತಾಪುರ, ಮಾಳಮಡ್ಡಿ ಕಡೆಯ ನಿವೃತ್ತ ಜನ. ಮೊದಲ ದಿನದಿಂದಲೂ ಗಲ್ಲೆಯ ಮೇಲೆ ಒಂದು ಉದ್ದನೆಯ ವಹಿ ಇಟ್ಟು, ಬಂದವರ ಹೆಸರು ಮತ್ತು ಫೋನ್ ನಂಬರು ಬರೆಸಿಕೊಳ್ಳುತ್ತಿದ್ದೆ. ಅದೊಂದು ಒಳ್ಳೆಯ ಬುದ್ಧಿ ಅವ್ವನದು. ಅದನ್ನು ಕೆಡಿಸಿದ್ದು ಮಾತ್ರ ನಾನು.

2022ರ ಆರಂಭಕ್ಕೆ ವಹಿಯಲ್ಲಿ 212 ಹೆಸರುಗಳಾಗಿದ್ದವು. ಅವೆಲ್ಲವನ್ನೂ ನನ್ನ ಫೋನಿಗೆ ಏರಿಸಲು ಎರಡು ರಾತ್ರಿ ಹಿಡಿಯಿತು. ಬಳಿಕ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ಒಂದು ಲಿಸ್ಟಿಗೆ 256 ಜನರ ಮಿತಿಯಿತ್ತು, ನನ್ನವರು ಅದರೊಳಗೇ ಹಿಡಿಸಿದರು. ಪ್ರತಿ ಶನಿವಾರ ಸಂಜೆ, ಮರುದಿನ ಏನೇನಿರುತ್ತದೆ ಎಂದು ಬರೆದು ಕಳಿಸತೊಡಗಿದೆ. ಒಂದು ಸಲ ಒತ್ತಿದರೆ ಎಲ್ಲರಿಗೂ ಹೋಗುತ್ತದೆ, ಆದರೆ ಗ್ರೂಪಿನಂತೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿತ್ತು.

ಪ್ರತಿ ಶನಿವಾರ ಹತ್ತು ಹನ್ನೆರಡು ಜನ ಉತ್ತರಿಸುತ್ತಿದ್ದರು. ಹೆಚ್ಚು ಕಡಿಮೆ ಅದೇ ಜನ. ಉಳಿದವರೆಲ್ಲ ಮೌನ. ಮೂರು ನಾಲ್ಕು ತಿಂಗಳು ನೋಡಿ ನಾನೊಂದು ತೀರ್ಮಾನಕ್ಕೆ ಬಂದೆ: ಧಾರವಾಡದವರಿಗೆ ನನ್ನ ರೊಟ್ಟಿಯ ಮೇಲೆ ಆಸೆ ಉಳಿದಿಲ್ಲ, ಆದ್ದರಿಂದ ಊರ ಹೊರಗಿನ ಗಿರಾಕಿಯನ್ನು ಹುಡುಕಬೇಕು. ಈಗ ನೆನೆದರೆ ನಗು ಬರುತ್ತದೆ. ಆ 212ರಲ್ಲಿ ಎಷ್ಟೋ ಜನ ವಾರಕ್ಕೆರಡು ಬಾರಿ ಗಲ್ಲೆಯ ಮುಂದೆಯೇ ನಿಂತಿರುತ್ತಿದ್ದರು. ನಾನು ಅವರನ್ನು ಒಂದು ಮಾತು ಕೇಳದೆ ಫೋನನ್ನು ನಂಬಿದೆ.

ಆ ಜುಲೈಯಿಂದ ನವೆಂಬರಿನವರೆಗೆ ನಾನು ಮಾಡಿದ್ದು ಈಗ ನೀವು ಮಾಡಲು ಹೊರಟಿರುವ ಕೆಲಸ. ಅಕ್ಕನ ಮಗನ ಕೈಯಲ್ಲಿ ರೀಲ್ಸ್ ಮಾಡಿಸಿದೆ, ಪೋಸ್ಟುಗಳನ್ನು ಬೂಸ್ಟ್ ಮಾಡಿದೆ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಿದೆ. ಐದು ತಿಂಗಳಲ್ಲಿ ₹22,000 ಹೋಯಿತು, ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಎಷ್ಟು ದೂರದವರೆಗೆ ತೋರಿಸಬೇಕೆಂದು ಕೇಳಿದಲ್ಲೆಲ್ಲ ಇಡೀ ಕರ್ನಾಟಕವನ್ನು ಆರಿಸಿದೆ, ಏಕೆಂದರೆ ಹಾಗೆ ಆರಿಸಿದಾಗ ತಲುಪಬಹುದಾದ ಜನರ ಸಂಖ್ಯೆ ದೊಡ್ಡದಾಗಿ ಕಾಣುತ್ತಿತ್ತು. ರೊಟ್ಟಿ ಬಡಿಯುವ ಕೈಯ ಒಂದು ವಿಡಿಯೊವನ್ನು ಲಕ್ಷಕ್ಕೂ ಮಿಕ್ಕಿ ಜನ ನೋಡಿದರು, ಫಾಲೋವರ್ಸ್ ಒಂಬತ್ತು ಸಾವಿರ ದಾಟಿದರು. ಮೈಸೂರಿನವರು ಅಜ್ಜಿಯ ನೆನಪಾಯಿತೆಂದು ಬರೆದರು, ಮಂಗಳೂರಿನವರು ಬಾಯಲ್ಲಿ ನೀರೂರಿತೆಂದು ಬರೆದರು. ಬೆಂಗಳೂರಿಗೆ ಕಳಿಸಿದ ಕೆಲವು ಪೆಟ್ಟಿಗೆ ಕಡಕ್ ರೊಟ್ಟಿ 400 ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಿ ನುಚ್ಚಾಗಿ ತಲುಪಿತು. ಬಿಸಿ ರೊಟ್ಟಿಯನ್ನಂತೂ ಕಳಿಸುವ ಮಾತೇ ಇಲ್ಲ. ನಿಮ್ಮ ಕಾಯಿ ಹೋಳಿಗೆಯ ಗತಿಯೂ ಅಷ್ಟೇ ಎಂಬುದನ್ನು ಮರೆಯಬೇಡಿ.

ಇನ್ನು ಅಸಲು ಹಾನಿಯ ಕಥೆ. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅಲ್ಲಿಯೇ ಉಣ್ಣುವುದು ನಿಮಗೆ ಹೇಳಬೇಕಾದ್ದಲ್ಲ. ಪೇಟೆಯಲ್ಲಿ ನೌಕರಿ ಮಾಡುವವರು ಸಜ್ಜೆ ರೊಟ್ಟಿ, ಹೋಳಿಗೆ, ಚಟ್ನಿಗಳನ್ನು ಕೊಂಡು ಬುತ್ತಿ ಕಟ್ಟಿಕೊಂಡು ಊರಿಗೆ ಹೋಗುತ್ತಾರೆ. ನಮ್ಮಂಥವರಿಗೆ ಅದೊಂದೇ ದಿನದಲ್ಲಿ ಅರ್ಧ ತಿಂಗಳ ವ್ಯಾಪಾರ. 2022ರಲ್ಲಿ ಅದು ಡಿಸೆಂಬರ್ 23ಕ್ಕೆ ಬಂದಿತ್ತು. ಮೂರು ವಾರ ಮೊದಲೇ ಲಿಸ್ಟಿಗೆ ಸಂದೇಶ ಕಳಿಸಿದೆ: 18ರ ಒಳಗೆ ಬರೆಸಿದವರಿಗೆ ಮಾತ್ರ ಸಜ್ಜೆ ರೊಟ್ಟಿ ಮತ್ತು ಶೇಂಗಾ ಹೋಳಿಗೆ. ಮತ್ತೆ ಎರಡು ಸಲ ನೆನಪಿಸಿದೆ. ಬರೆಸಿದವರು 17 ಜನ. ಅಷ್ಟಕ್ಕೇ ಸಜ್ಜೆ ಬೀಸಿಸಿದೆ, ನಾಲ್ವರಲ್ಲಿ ಇಬ್ಬರಿಗೆ ಆ ವಾರ ಬರುವುದು ಬೇಡವೆಂದೆ. ಅವರಿಗೂ ಅದು ವರ್ಷದ ದೊಡ್ಡ ಗಳಿಕೆಯ ವಾರವಾಗಿತ್ತು ಎಂಬುದು ಈಗಲೂ ಚುಚ್ಚುತ್ತದೆ.

22ರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದಾಗ ಹೊರಗೆ ಜನ ನಿಂತಿದ್ದರು. ಮಧ್ಯಾಹ್ನದೊಳಗೆ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಬರಿಗೈಯಲ್ಲಿ ಕಳಿಸಿದೆ. ಎಲ್ಲರೂ ಹಳಬರು, ಎಲ್ಲರೂ ವಹಿಯಲ್ಲಿದ್ದವರು. ಹಿರಿಯ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಅಕ್ಕೋರೊಬ್ಬರು ಮಾತ್ರ ಹೋಗದೆ ನಿಂತು, "ಮದಲs ಹೇಳಬೇಕಲ್ಲ ತಂಗಿ, ರೊಕ್ಕ ಕೊಟ್ಟs ಹೋಗ್ತಿದ್ದೆ" ಎಂದರು. "ಮೂರು ಸಲ ವಾಟ್ಸ್‌ಆ್ಯಪ್ ಮಾಡೀನ್ರಿ ಅಕ್ಕೋರ" ಎಂದೆ, ಸ್ವಲ್ಪ ಬಿಗಿಯಾಗಿಯೇ. ಅವರು ಚೀಲದಿಂದ ಫೋನು ತೆಗೆದು ನನ್ನ ಕೈಗಿಟ್ಟರು. "ನನಗೇನೂ ಬಂದಿಲ್ಲವಾ, ನೀನs ನೋಡು." ಮಾರ್ಚ್ ತಿಂಗಳಲ್ಲಿ ಅವರು ಕೇಳಿದ್ದ ಒಂದು ಪ್ರಶ್ನೆ, ಅದಕ್ಕೆ ನಾನು ಬರೆದಿದ್ದ ಉತ್ತರ, ಅಷ್ಟೇ ಅಲ್ಲಿದ್ದವು. ಅದಾದ ಮೇಲೆ ಒಂದು ಶನಿವಾರದ ಸಂದೇಶವೂ ಇರಲಿಲ್ಲ. ಮೇಲೆ ನನ್ನ ಹೆಸರಿರಬೇಕಾದ ಜಾಗದಲ್ಲಿ ಬರಿಯ ಹತ್ತಂಕಿಯ ನಂಬರು ಇತ್ತು.

ತಪ್ಪು ಇರುವುದು ಆ ಬರಿಯ ನಂಬರಿನಲ್ಲಿಯೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಬ್ರಾಡ್‌ಕಾಸ್ಟ್ ಸಂದೇಶವು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ನೀವು ಅವರ ನಂಬರನ್ನು ಉಳಿಸಿಕೊಂಡರೆ ಸಾಲದು. ಅವರು ಮೊದಲು ನಿಮಗೆ ಬರೆದಿದ್ದರೂ ಸಾಲದು. ಲಿಸ್ಟ್ ಮಾಡುವಾಗ ಪರದೆಯ ಮೇಲೆಯೇ ಇಂಗ್ಲಿಷಿನಲ್ಲಿ ಒಂದು ಸಾಲು ಬಂದಿತ್ತು: ನಿಮ್ಮ ನಂಬರು ಯಾರ ಅಡ್ರೆಸ್ ಬುಕ್ಕಿನಲ್ಲಿದೆಯೋ ಅವರಿಗೆ ಮಾತ್ರ ಸಂದೇಶ ತಲುಪುತ್ತದೆ ಎಂದು. ನಾನು ಅದನ್ನು ತಿರುವು ಮುರುವಾಗಿ, ನನ್ನ ಅಡ್ರೆಸ್ ಬುಕ್ಕಿನಲ್ಲಿ ಯಾರ ನಂಬರು ಇದೆಯೋ ಅವರಿಗೆ ಎಂದು ಓದಿಕೊಂಡೆ. ಎರಡು ರಾತ್ರಿ ಕುಳಿತು 212 ನಂಬರು ಏರಿಸಿದವಳಿಗೆ ಅದು ಸಹಜವಾದ ಅರ್ಥವೆನಿಸಿತ್ತು.

ಅನುಮಾನ ಬಾರದಿರಲು ಇನ್ನೊಂದು ಕಾರಣವಿತ್ತು. ಒಬ್ಬೊಬ್ಬರಿಗೆ ಬೇರೆಯಾಗಿ ಕಳಿಸಿದ ಸಂದೇಶ, ಅವರು ನಂಬರನ್ನು ಉಳಿಸಿಕೊಂಡಿರಲಿ ಬಿಡಲಿ, ಮುಟ್ಟುತ್ತದೆ. ಅಕ್ಕೋರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಮುಟ್ಟಿದ್ದು ಹಾಗೆ. ಆದ್ದರಿಂದ ದಾರಿ ತೆರೆದೇ ಇದೆ ಎಂದು ನಾನು ನಂಬಿದ್ದೆ. ಲಿಸ್ಟಿನಲ್ಲಿ ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿಯನ್ನು ತೆರೆದರೆ ಯಾರಿಗೆ ಮುಟ್ಟಿದೆ, ಯಾರು ಓದಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಹತ್ತು ತಿಂಗಳಲ್ಲಿ ಒಂದು ಸಲವೂ ನಾನದನ್ನು ತೆರೆದಿರಲಿಲ್ಲ. ಆ ಸಂಜೆ ತೆರೆದೆ. ಹಬ್ಬದ ಸಂದೇಶ ಮುಟ್ಟಿದ್ದು 41 ಜನರಿಗೆ. ಮುಟ್ಟಿದ 41 ಜನರಲ್ಲಿ 17 ಜನ ರೊಟ್ಟಿ ಬರೆಸಿದ್ದರು. ಊರಿಗೆ ನನ್ನ ರೊಟ್ಟಿ ಬೇಡವಾಗಿದೆ ಎಂದುಕೊಂಡು ನಾನು ₹22,000 ಸುರಿದ ಅವಧಿಯಲ್ಲೆಲ್ಲ, ಹೇಳಿದವರಲ್ಲಿ ಐವರಿಗೆ ಇಬ್ಬರು ಕೊಳ್ಳಲು ಸಿದ್ಧರಿದ್ದರು, 171 ಜನರಿಗೆ ಮಾತ್ರ ನಾನು ಹೇಳಿಯೇ ಇರಲಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ಕಥೆಯೂ ಇದೇ, ಇಬ್ಬರೂ ಪರಸ್ಪರರ ನಂಬರು ಉಳಿಸಿಕೊಂಡಿರದೆ ಅದು ಕಾಣುವುದಿಲ್ಲ. ದಿನವೂ ಹೋಳಿಗೆಯ ಚಿತ್ರವನ್ನು ಸ್ಟೇಟಸ್ಸಿಗೆ ಹಾಕುತ್ತೇನೆಂದು ನೀವು ಬರೆದಿದ್ದೀರಿ. ಎಷ್ಟು ಜನ ನೋಡಿದರೆಂದು ಒಮ್ಮೆ ಎಣಿಸಿರಿ.

ಮಾಡಿದ ರಿಪೇರಿ ಬಹಳ ಸಣ್ಣದು. ಬೂಸ್ಟ್ ನಿಲ್ಲಿಸಿದೆ. ಗಲ್ಲೆಗೆ ಬಂದವರಿಗೆ ಹಣ ಕೊಡುವ ಮುಂಚೆಯೇ, "ನಮ್ಮ ನಂಬರು ಉಳಿಸಿಕೊಳ್ರಿ, ರವಿವಾರದ ಪಲ್ಯ ಏನಂತ ತಿಳಿಸ್ತೀನಿ" ಎಂದು ಕೇಳತೊಡಗಿದೆ. ವಯಸ್ಸಾದವರ ಫೋನನ್ನು ಅವರೆದುರಿಗೇ ಈಸಿಕೊಂಡು, ಅವರು ಹೇಳಿದ ಹೆಸರಿನಲ್ಲಿ ನಾನೇ ಉಳಿಸಿಕೊಟ್ಟೆ. ಅಂಗಡಿಯ ಹೆಸರು ಯಾರಿಗೂ ನೆನಪಿರುವುದಿಲ್ಲ, ಹೆಚ್ಚಿನವರ ಫೋನಿನಲ್ಲಿ ನಾನು ಬರಿಯ 'ರೊಟ್ಟಿ' ಆಗಿದ್ದೇನೆ. ಬೇಡವೆಂದವರ ಹೆಸರನ್ನು ಲಿಸ್ಟಿನಿಂದ ತೆಗೆದೆ. ಸಂದೇಶ ವಾರಕ್ಕೆ ಒಂದೇ, ಅದರಲ್ಲಿ ಶುಭೋದಯ, ಹೂವು, ಸುಭಾಷಿತ ಯಾವುದೂ ಇಲ್ಲ, ಏನಿದೆ, ಎಷ್ಟಕ್ಕೆ, ಎಷ್ಟು ಗಂಟೆಯವರೆಗೆ ಎಂಬುದಷ್ಟೇ. ಅಧಿಕಮಾಸ ನಡುವೆ ಬಂದದ್ದರಿಂದ ಮುಂದಿನ ಎಳ್ಳಮಾವಾಸ್ಯೆಗಾಗಿ 2024ರ ಜನವರಿ 11ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮುಟ್ಟುವವರ ಸಂಖ್ಯೆ 180 ದಾಟಿತ್ತು, ಮುಂಗಡ ಬರೆಸಿದವರು 93. ನಾಲ್ವರ ಜೊತೆಗೆ ಇನ್ನಿಬ್ಬರನ್ನು ಸೇರಿಸಿಕೊಂಡು ರೊಟ್ಟಿ ಬಡಿಯಿಸಬೇಕಾಯಿತು.

ಹೀಗಿರುವಾಗ ಇನ್‌ಸ್ಟಾಗ್ರಾಮೋ ಫೇಸ್‌ಬುಕ್ಕೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಹೋಳಿಗೆ ಬಿಸಿಯಿರುವಾಗಲೇ ಮನೆ ಮುಟ್ಟಬೇಕಾದ ಅಂಗಡಿಗೆ ನಾಲ್ಕೈದು ಕಿಲೋಮೀಟರಿನ ಆಚೆಯ ಫಾಲೋವರ್ ಒಂದು ಅಂಕಿ ಮಾತ್ರ. ಲೈಕುಗಳಿಗಾಗಿ ಬೂಸ್ಟ್ ಮಾಡಿದರೆ ಅದು ಲೈಕು ಒತ್ತುವವರನ್ನು ಹುಡುಕಿ ಕೊಡುತ್ತದೆ. ಅವರು ಹಾವೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಗೆ ಬಂದು ಅರ್ಧ ಡಜನ್ ಕಟ್ಟಿಸಿಕೊಂಡು ಹೋಗುವರೋ ಇಲ್ಲವೋ ಎಂಬುದು ಅದಕ್ಕೆ ಬೇಕಿಲ್ಲ. ಆ ₹10,000ದಲ್ಲಿ ರಾತ್ರಿ ಕಾಣುವ ಒಂದು ಒಳ್ಳೆಯ ಬೋರ್ಡು ಮಾಡಿಸಿ. ಇನ್‌ಸ್ಟಾಗ್ರಾಂ ಪುಟವನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ, ನನ್ನದೂ ಇದೆ, ಓದುವ ಹುಡುಗರು ಅಲ್ಲಿ ನೋಡಿ ಬರುವುದೂ ಉಂಟು. ಆದರೆ ಅದಕ್ಕೆ ದುಡ್ಡು ಸುರಿಯುವ ಕಾಲ ನಿಮಗಿನ್ನೂ ಬಂದಿಲ್ಲ.

ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿಯ ಹೆಸರು, ಸಮಯ, ಫೋನ್ ನಂಬರು ಸರಿಯಾಗಿರಲಿ. ಅದು ಉಚಿತ, ಮತ್ತು "ಹತ್ತಿರದಲ್ಲಿ ಹೋಳಿಗೆ" ಎಂದು ಹುಡುಕುವವನು ಅದಾಗಲೇ ಹಸಿದಿರುತ್ತಾನೆ. ಅದನ್ನು ನಿಮ್ಮದೇ ಇಮೇಲಿನಿಂದ ನೋಂದಾಯಿಸಿ. ಪ್ರಚಾರದವರು ತಮ್ಮ ಇಮೇಲಿನಿಂದ ಮಾಡಿಕೊಟ್ಟರೆ ನಿಮ್ಮ ಅಂಗಡಿಯ ಬೀಗದ ಕೈ ಅವರ ಜೇಬಿನಲ್ಲಿರುತ್ತದೆ. ಯಾರಾದರೂ ಐದು ಸಾವಿರ ನಂಬರುಗಳ ಪಟ್ಟಿಯನ್ನು ಮಾರಲು ಬಂದರೆ ಚಹಾ ಕೊಟ್ಟು ಕಳಿಸಿಬಿಡಿ. ಗುರುತಿಲ್ಲದವರು ಬೇಸತ್ತು ರಿಪೋರ್ಟ್ ಮಾಡಿದರೆ ವಾಟ್ಸ್‌ಆ್ಯಪ್ ನಿಮ್ಮ ನಂಬರನ್ನೇ ನಿಲ್ಲಿಸಬಹುದು, ಆಗ ಇರುವ ಗಿರಾಕಿಗಳೂ ಕೈತಪ್ಪುತ್ತಾರೆ.

ನಿಮ್ಮ ಬಳಿಯೂ 150 ಜನರ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆಯೆಂದೂ, ಅದರಿಂದ ಏನೂ ಪ್ರಯೋಜನವಿಲ್ಲವೆಂದೂ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಕಳೆದ ವಾರದ ಸಂದೇಶವನ್ನು ಈಗಲೇ ಒತ್ತಿ ಹಿಡಿದು, ಮಾಹಿತಿ ತೆರೆದು, ಎಷ್ಟು ಜನರಿಗೆ ಮುಟ್ಟಿದೆ ಎಂದು ನೋಡಿ. ಆ ಸಂಖ್ಯೆಯನ್ನು ಇಲ್ಲಿ ಬರೆಯಿರಿ. ಅದು ನೂರರ ಒಳಗಿದ್ದರೆ ಪ್ರಚಾರದವರಿಗೆ ಇವತ್ತೇ ಫೋನು ಮಾಡಿ ಬೇಡವೆಂದುಬಿಡಿ.