ಪಂಪ್ ದೊಡ್ಡದಾದರೆ ನೀರು ತಿಳಿಯಾಗದು

ಪತ್ರದ ಸಾರ: ನಮ್ಮದು 25 ಮೀಟರ್ ಉದ್ದ, 12.5 ಮೀಟರ್ ಅಗಲದ ಸಾರ್ವಜನಿಕ ಈಜುಕೊಳ. ಹಿಡಿಯುವ ನೀರು 5 ಲಕ್ಷ ಲೀಟರ್. 1.6 ಮೀಟರ್ ವ್ಯಾಸದ ಎರಡು ಮರಳು ಫಿಲ್ಟರ್‌ಗಳಿವೆ. ನಾಲ್ಕು ಗಂಟೆಗೊಂದು ಸುತ್ತಿನಂತೆ ನೀರು ಅವುಗಳ ಮೂಲಕ ತಿರುಗುತ್ತದೆ. ಬೆಳಗ್ಗೆ ತಿಳಿಯಾಗಿರುವ ನೀರು ಸಂಜೆಗೆ ಮಬ್ಬಾಗುತ್ತದೆ, ಕಣ್ಣು ಉರಿಯುತ್ತದೆ, ಕ್ಲೋರಿನ್ ವಾಸನೆ ಮೂಗಿಗೆ ಅಡರುತ್ತದೆ. ದೂರು ಹೆಚ್ಚಿದ್ದರಿಂದ ಕ್ಲೋರಿನ್ ತಗ್ಗಿಸಿದೆವು. ವಾಸನೆ ಇನ್ನಷ್ಟು ಹೆಚ್ಚಿತು. ಪಂಪ್ ಬದಲಿಸಿ ಎರಡು ಗಂಟೆಗೊಮ್ಮೆ ನೀರು ತಿರುಗಿಸಿ, ಒಂದು ನೇರಳಾತೀತ ದೀಪ ಹಾಕಿಸಿ, ಮರಳನ್ನು ಮುಟ್ಟುವುದೇ ಬೇಡ ಎಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಸಮಿತಿಯ ಸಭೆ ಹತ್ತಿರದಲ್ಲಿದೆ. ಏನು ಮಾಡೋಣ?

ಮಾನ್ಯರೇ,

ಪಂಪ್ ಕೊಳ್ಳಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದ ಸಮಿತಿ ಸದಸ್ಯರಿಗೆ ಇಷ್ಟು ಹೇಳಿದರೂ ಸಾಕು.

ನೀವು ಕಳುಹಿಸಿದ ಅಳತೆಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. 1.6 ಮೀಟರ್ ವ್ಯಾಸದ ಫಿಲ್ಟರ್‌ನಲ್ಲಿ ಮರಳಿನ ಮೇಲ್ಮೈ ಸುಮಾರು 2 ಚದರ ಮೀಟರ್, ಎರಡರದು 4. ನಾಲ್ಕು ಗಂಟೆಗೆ 5 ಲಕ್ಷ ಲೀಟರ್, ಅಂದರೆ 500 ಘನ ಮೀಟರ್ ಎಂದರೆ ಗಂಟೆಗೆ 125. ಅದನ್ನು 4ರಿಂದ ಭಾಗಿಸಿದರೆ ನೀರು ಮರಳಿನೊಳಗೆ ಗಂಟೆಗೆ 31 ಮೀಟರ್ ವೇಗದಲ್ಲಿ ಇಳಿಯುತ್ತಿದೆ. ಸಾರ್ವಜನಿಕ ಕೊಳಕ್ಕೆ ಗಂಟೆಗೆ 25 ಮೀಟರ್ ದಾಟದಿದ್ದರೆ ಒಳ್ಳೆಯದು ಎಂಬುದು ಈ ಕೆಲಸದಲ್ಲಿ ಪಳಗಿದವರ ಮಾತು. ಅಂದರೆ ನಿಮ್ಮ ಫಿಲ್ಟರ್‌ಗಳು ಈಗಲೇ ಏದುಸಿರು ಬಿಡುತ್ತಿವೆ. ಮಾರಾಟಗಾರರ ಪಂಪ್ ಬಂದರೆ ಆ ವೇಗ 62 ಆಗುತ್ತದೆ. ಮರಳು ಹಿಡಿದಿಟ್ಟ ಕೊಳೆಯನ್ನು ಅದೇ ನೀರು ಕೆಳಕ್ಕೆ ತಳ್ಳಿ ಕೊಳಕ್ಕೆ ವಾಪಸು ಕಳುಹಿಸುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ನೀರಿಗೂ ಅದು ಸಲ್ಲುತ್ತದೆ.

ವಿದ್ಯುತ್ತಿನ ಲೆಕ್ಕ ಇನ್ನೂ ಕಠೋರ. ಅದೇ ಕೊಳವೆಗಳಲ್ಲಿ ಇಮ್ಮಡಿ ನೀರು ಹರಿಸಲು ಇಮ್ಮಡಿ ವಿದ್ಯುತ್ ಸಾಲದು, ಹತ್ತಿರ ಹತ್ತಿರ ಎಂಟು ಪಟ್ಟು ಬೇಕು. ಇದರ ತಿರುವು ನಿಮಗೆ ಅನುಕೂಲದ್ದು: ವೇಗ ಬದಲಿಸಬಲ್ಲ ಪಂಪನ್ನು ಜನರಿಲ್ಲದ ರಾತ್ರಿಯಲ್ಲಿ ಶೇ. 80ರ ವೇಗಕ್ಕೆ ಇಳಿಸಿದರೆ ವಿದ್ಯುತ್ ಅರ್ಧಕ್ಕೆ ಇಳಿಯುತ್ತದೆ. ಪಂಪಿಗೇ ಹಣ ಹಾಕಬೇಕೆಂಬ ಹಟವಿದ್ದರೆ ಇಂಥದ್ದಕ್ಕೆ ಹಾಕಿ. ಮತ್ತೊಂದು ಮಾತನ್ನು ಮಾರಾಟಗಾರರು ಹೇಳಿರಲಾರರು. ಪಂಪಿನ ಸೆಳೆತ ಹೆಚ್ಚಿದಂತೆ ಕೊಳದ ತಳದ ಜಾಲರಿಯ ಸೆಳೆತವೂ ಹೆಚ್ಚುತ್ತದೆ. ಕೂದಲು, ಮಗುವಿನ ಕೈ ಅಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಏಳು ವರ್ಷದ ಹುಡುಗಿಯೊಬ್ಬಳು ಹೀಗೆ ಸತ್ತ ಮೇಲೆ ಅಮೆರಿಕ 2007ರಲ್ಲಿ ಜಾಲರಿಗಳಿಗೆಂದೇ ಕಾನೂನು ಮಾಡಬೇಕಾಯಿತು. ಪಂಪ್ ಮುಟ್ಟುವವರು ಜಾಲರಿಯನ್ನೂ ಪರೀಕ್ಷಿಸಲೇಬೇಕು.

ಇನ್ನು ವಾಸನೆ. ಕ್ಲೋರಿನ್ ಹೆಚ್ಚಾಗಿದ್ದಕ್ಕೇ ಮೂಗು ಸುಡುತ್ತದೆ ಎಂದು ನಾನೂ ಬಹಳ ವರ್ಷ ನಂಬಿದ್ದೆ. ವಾಸ್ತವ ತಿರುಗುಮುರುಗು. ಬೆವರು ಮತ್ತು ಮೂತ್ರದಲ್ಲಿರುವ ಸಾರಜನಕದ ವಸ್ತುಗಳ ಜೊತೆ ಸೇರಿದ ಕ್ಲೋರಿನ್ ಕ್ಲೋರಮೈನ್ ಎಂಬುದಾಗಿ ಬದಲಾಗುತ್ತದೆ. ವಾಸನೆ ಅದರದ್ದು, ಕಣ್ಣುರಿಯೂ ಅದರದ್ದೇ. ಕೆಲಸ ಮಾಡಬಲ್ಲ ಕ್ಲೋರಿನ್ ಮುಗಿದು ದಣಿದ ಕ್ಲೋರಿನ್ ಉಳಿದಿದೆ ಎಂಬುದರ ಗುರುತು ಅದು. ನೀವು ಪ್ರಮಾಣ ತಗ್ಗಿಸಿದಾಗ ವಾಸನೆ ಹೆಚ್ಚಿದ್ದು ಇದಕ್ಕೇ. ಪರೀಕ್ಷೆಯಲ್ಲಿ ಒಟ್ಟು ಕ್ಲೋರಿನ್ ಮಾತ್ರ ನೋಡದೆ ಮುಕ್ತ ಕ್ಲೋರಿನ್, ಅಂದರೆ ಇನ್ನೂ ಕೆಲಸ ಮಾಡಬಲ್ಲದ್ದು, ಎಷ್ಟು ಎಂದು ಬೇರೆಯಾಗಿ ಅಳೆಸಿ. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಕೂಡ ನೋಡಿ: 7.2 ಇದ್ದಾಗ ಮುಕ್ತ ಕ್ಲೋರಿನ್ನಿನ ಸುಮಾರು ಮೂರನೆಯ ಎರಡು ಪಾಲು ರೋಗಾಣು ಕೊಲ್ಲುವ ರೂಪದಲ್ಲಿರುತ್ತದೆ, 7.8ಕ್ಕೆ ಏರಿದರೆ ಮೂರನೆಯ ಒಂದು ಪಾಲು ಮಾತ್ರ.

ಮರಳನ್ನು ಮುಟ್ಟುವುದೇ ಬೇಡ ಎಂಬ ಸಲಹೆ ನನಗೆ ಸಿಟ್ಟು ತರಿಸಿತು. ಕಾರಣವಿದೆ. ನಾನು ಈಜುತ್ತಿದ್ದ ಒಂದು ಕೊಳದಲ್ಲಿ ಇದೇ ಮಬ್ಬು, ಇದೇ ಕಣ್ಣುರಿ. ಒಂದು ದಿನ ಪಂಪ್ ಕೋಣೆಯಲ್ಲಿ ಫಿಲ್ಟರ್ ಮುಚ್ಚಳ ತೆಗೆಯುವಾಗ ಇಣುಕಿ ನೋಡಿದೆ. ಮರಳು ಸಮತಟ್ಟಾಗಿರಲಿಲ್ಲ. ಗೋಡೆಯ ಒಂದು ಬದಿಗೆ ಮುಷ್ಟಿ ಹಿಡಿಯುವಷ್ಟು ಗುಳಿ. ನಡುವೆ ಕೂದಲು, ಎಣ್ಣೆ, ಸುಣ್ಣ ಕೂಡಿ ಗಟ್ಟಿಯಾದ ಉಂಡೆಗಳು. ಒಂದನ್ನು ಎತ್ತಿ ಹಿಸುಕಿದರೆ ಒಡೆಯಲಿಲ್ಲ, ನೆಲಕ್ಕೆ ಹಾಕಿ ಕುಟ್ಟಬೇಕಾಯಿತು. ನೀರು ಜಾಣ, ಸುಲಭದ ದಾರಿ ಹಿಡಿಯುತ್ತದೆ. ಆ ಗುಳಿಯ ಮೂಲಕ ನೇರ ಕೆಳಗಿಳಿಯುತ್ತಿತ್ತು, ಉಳಿದ ಮರಳು ಸುಮ್ಮನೆ ಕೂತಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ ಅಲ್ಲಿದ್ದ ಯಾರೂ ಹೇಳಲಿಲ್ಲ. ಮರಳು ಐದರಿಂದ ಏಳು ವರ್ಷಕ್ಕೆ ಬದಲಿಸಬೇಕಾದ ವಸ್ತು.

ಬ್ಯಾಕ್‌ವಾಶ್ ಸರಿಯಾಗಿ ಆಗದಿದ್ದರೆ ಮರಳಿಗೆ ಈ ಗತಿ. ನೀರನ್ನು ಕೆಳಗಿನಿಂದ ಮೇಲಕ್ಕೆ ನುಗ್ಗಿಸಿದಾಗ ಮರಳೆಲ್ಲ ಎದ್ದು ಕುದಿಯುವಂತೆ ಕದಡಬೇಕು. ಸಣ್ಣ ಹರಿವಿನಲ್ಲಿ ಅದು ಮಿಸುಕುವುದೂ ಇಲ್ಲ. ಹೊರಹೋಗುವ ಕೊಳವೆಯ ಗಾಜಿನ ಕಿಂಡಿಯನ್ನು ನೋಡುತ್ತ ನಿಲ್ಲಿ. ಮೊದಲ ಕ್ಷಣ ತಿಳಿನೀರು ಬರುತ್ತದೆ, ಅಲ್ಲಿಗೆ ಮುಗಿಯಿತೆಂದು ಕೆಲವರು ಕೈತೊಳೆದುಕೊಳ್ಳುತ್ತಾರೆ. ತುಸು ಕಾಯ್ದರೆ ಬೂದು, ಆಮೇಲೆ ಕೆಸರಿನ ಬಣ್ಣ. ಮತ್ತೆ ತಿಳಿಯಾಗಲು ಕೆಲವು ನಿಮಿಷಗಳೇ ಬೇಕು. ಆಗ ಮಾತ್ರ ನಿಲ್ಲಿಸಬೇಕು. ವಾರಕ್ಕೊಮ್ಮೆಯಾದರೂ ಇದಾಗಲಿ, ಫಿಲ್ಟರ್‌ನ ಮೇಲೆ ಕೆಳಗಿನ ಒತ್ತಡ ಮಾಪಕಗಳ ನಡುವಿನ ಅಂತರ ಬೇಗ ಏರಿದರೆ ಅದಕ್ಕೂ ಮೊದಲೇ. ಚರಂಡಿಗೆ ಹೋಗುವ ಆ ನೀರು ದಂಡವೆಂದು ಮರುಗಬೇಡಿ. ಬೆವರು, ಮೂತ್ರದಿಂದ ಬಂದು ಕರಗಿದ ಯೂರಿಯಾವನ್ನು ಯಾವ ಮರಳೂ ಹಿಡಿಯದು, ಹಳೆ ನೀರು ತೆಗೆದು ಹೊಸದು ಬೆರೆಸಬೇಕು. ಒಬ್ಬ ಈಜುಗಾರನಿಗೆ 30 ಲೀಟರ್ ಹೊಸ ನೀರು ಎಂಬುದು ಜರ್ಮನಿಯ ಮಾನದಂಡ, ಒಳ್ಳೆಯ ಅಳತೆ.

ಮರಳಿಗೆ ಒಂದು ಸಹಾಯವೂ ಬೇಕು. ಫಿಲ್ಟರ್ ಮರಳಿನ ಕಣ ಅರ್ಧ ಮಿಲಿಮೀಟರ್ ಅಥವಾ ತುಸು ಹೆಚ್ಚು ಗಾತ್ರದ್ದು. ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರೋಪಜೀವಿಯ ಕೋಶ 4ರಿಂದ 6 ಮೈಕ್ರಾನ್, ಮರಳಿನ ಕಣಕ್ಕಿಂತ ನೂರು ಪಟ್ಟು ಚಿಕ್ಕದು. ಸಾಮಾನ್ಯ ಮಟ್ಟದ ಕ್ಲೋರಿನ್‌ನಲ್ಲಿ ಇದು ಒಂದು ವಾರ ಕಳೆದರೂ ಸಾಯದಿರಬಹುದು. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಇದು ಕುಡಿಯುವ ನೀರಿನ ಫಿಲ್ಟರ್‌ಗಳನ್ನೇ ದಾಟಿ ಸುಮಾರು 4 ಲಕ್ಷ ಜನರನ್ನು ಮಲಗಿಸಿತು. ಇಂಥ ಸೂಕ್ಷ್ಮ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮರಳಿಗೆ ಸಿಗುವಷ್ಟು ದೊಡ್ಡದು ಮಾಡುವುದು ಪಾಲಿಅಲ್ಯೂಮಿನಿಯಂ ಕ್ಲೋರೈಡ್, ಪಟಿಕದ ಬಂಧು. ಅದನ್ನು ಫಿಲ್ಟರ್‌ಗೆ ಮೊದಲು, ಸಣ್ಣ ಡೋಸಿಂಗ್ ಪಂಪಿನಿಂದ ಹನಿಹನಿಯಾಗಿ, ಬಿಡದೆ ಸೇರಿಸುತ್ತಿರಬೇಕು. ವಾರಕ್ಕೊಮ್ಮೆ ಬಕೆಟ್‌ನಲ್ಲಿ ಸುರಿಯುವುದು ಅದರ ಕ್ರಮವಲ್ಲ. ನೀರಿನ ವೇಗ 62 ಇದ್ದಲ್ಲಿ ಇದೂ ನಿಷ್ಫಲ, ಅಂಟಿಕೊಂಡ ಮುದ್ದೆ ಒಡೆದು ಹೋಗುತ್ತದೆ.

ನೇರಳಾತೀತ ದೀಪಕ್ಕೆ ನನ್ನ ವಿರೋಧವಿಲ್ಲ. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೋಸ್ಪೋರಿಡಿಯಂ ಈ ಬೆಳಕಿಗೆ ಬೇಗ ಸೋಲುತ್ತದೆ. ಮಧ್ಯಮ ಒತ್ತಡದ ದೀಪವಾದರೆ ಕ್ಲೋರಮೈನ್ ಅನ್ನೂ ಒಡೆಯುತ್ತದೆ. ಆದರೆ ದೀಪ ತನ್ನ ಮುಂದೆ ಹಾದ ನೀರಿಗಷ್ಟೇ ಮದ್ದು, ಮಬ್ಬು ನೀರಿನಲ್ಲಿ ಕಣದ ಮರೆಗೆ ಕೂತ ರೋಗಾಣುವಿಗೆ ಅದು ಮುಟ್ಟುವುದಿಲ್ಲ. ಇನ್ನೊಂದು ಭ್ರಮೆಯೂ ಇದೆ. ನೀರು ಒಂದು ಸುತ್ತು ತಿರುಗಿದರೆ ಕೊಳದ ನೀರೆಲ್ಲ ಫಿಲ್ಟರ್ ಹಾದುಬಂತೆಂದು ಅನೇಕರು ತಿಳಿದಿದ್ದಾರೆ. ಶುದ್ಧವಾಗಿ ಬಂದ ನೀರು ಕೊಳದಲ್ಲಿ ಕೊಳೆ ನೀರಿನೊಂದಿಗೇ ಬೆರೆಯುವುದರಿಂದ ಒಂದು ಸುತ್ತಿನಲ್ಲಿ ಹಾದಿರುವುದು ಶೇ. 63, ಎರಡರಲ್ಲಿ 86, ಮೂರರಲ್ಲಿ 95. ಹಾಗಾಗಿಯೇ ಕೊಳದಲ್ಲಿ ಯಾರಿಗಾದರೂ ಭೇದಿಯಾದರೆ ಜನರನ್ನು ಹೊರಗೆ ಕಳುಹಿಸಿ, ಪಟಿಕದಂಥ ಆ ರಾಸಾಯನಿಕ ಸೇರಿಸುತ್ತ ಆರು ಸುತ್ತು ತಿರುಗಿಸಬೇಕು. ನಿಮ್ಮಲ್ಲಿ ಅದಕ್ಕೆ 24 ಗಂಟೆ ಹಿಡಿಯುತ್ತದೆ. ದೀಪವಿದೆಯೆಂದು ಅದನ್ನು ಅರ್ಧಕ್ಕೆ ನಿಲ್ಲಿಸಬಾರದು.

ಹಾಗಾದರೆ ಹಣ ಎಲ್ಲಿಗೆ? ಈಗಿರುವಂಥ ಇನ್ನೆರಡು ಫಿಲ್ಟರ್‌ಗಳಿಗೆ. ಮೇಲ್ಮೈ 8 ಚದರ ಮೀಟರ್ ಆಗುತ್ತದೆ. ಮೂರು ಗಂಟೆಗೊಂದು ಸುತ್ತು ತಿರುಗಿಸಿದರೂ ವೇಗ 21ರೊಳಗೇ ಇರುತ್ತದೆ. ಪಂಪ್ ಕೋಣೆಯಲ್ಲಿ ಜಾಗವಿಲ್ಲ ಎಂಬ ಉತ್ತರ ಬರಬಹುದು, ಗೋಡೆ ಒಡೆಸಿ ಎನ್ನುವಷ್ಟು ನಾನು ಹಟಮಾರಿ. ಹಳೆಯ ಎರಡರ ಮರಳು ಬದಲಾಗಲಿ, ತಳದ ನಳಿಕೆಗಳನ್ನು ಆಗಲೇ ಪರೀಕ್ಷಿಸಿ. ಡೋಸಿಂಗ್ ಪಂಪ್ ಮತ್ತು ಹರಿವು ಮಾಪಕ ಅದರ ಜೊತೆಗೆ. ದೀಪ ಮುಂದಿನ ವರ್ಷವಾದರೂ ಆದೀತು. ಕೊಳಕ್ಕೆ ಇಳಿಯುವ ಮುನ್ನ ಸೋಪು ಹಚ್ಚಿ ಸ್ನಾನ ಮಾಡಿಸುವ ನಿಯಮಕ್ಕಂತೂ ಕಾಯಬೇಕಾಗಿಲ್ಲ, ನಾಳೆಯೇ ಜಾರಿಗೆ ತನ್ನಿ. ಅದಿಲ್ಲದಿದ್ದರೆ ನೀವು ಸುರಿಯುವ ಕ್ಲೋರಿನ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಒಂದು ಕೆಲಸ ಸಭೆಗೂ ಮೊದಲು ಆಗಲಿ. ಪಂಪ್ ನಿಲ್ಲಿಸಿ, ಎರಡೂ ಫಿಲ್ಟರ್‌ಗಳ ಮುಚ್ಚಳ ತೆಗೆಸಿ, ಒಳಗೆ ಟಾರ್ಚ್ ಬಿಟ್ಟು ಚಿತ್ರ ತೆಗೆದುಕೊಳ್ಳಿ. ಮಾರಾಟಗಾರರು ಬಂದಾಗ ಮೊದಲು ಆ ಚಿತ್ರವನ್ನು ಮೇಜಿನ ಮೇಲಿಡಿ.

— ಸಂಪಾದಕ